ನೀರು ಇಳಿದ ಮೇಲೆ

ಆಷಾಢ ಶ್ರಾವಣಗಳಲ್ಲಿ ವಯನಾಡಿನ ಬೆಟ್ಟಗಳ ಮೇಲೆ ಸುರಿಯುವ ಮಳೆಯ ಲೆಕ್ಕವನ್ನು ತೀರಿಸಬೇಕಾದ ಊರು ನಂಜನಗೂಡು. ಆ ದಿನ ಊರಿನಲ್ಲಿ ಒಂದು ಹನಿಯೂ ಬೀಳದೆ ಇರಬಹುದು, ಎಳೆಬಿಸಿಲೂ ಇರಬಹುದು. ಆದರೂ ಕಪಿಲೆ ಕೆಂಪಾಗಿ ಏರುತ್ತಾಳೆ. ಮೊದಲು ಸ್ನಾನಘಟ್ಟದ ಮೆಟ್ಟಿಲುಗಳು ಒಂದೊಂದಾಗಿ ಮರೆಯಾಗುತ್ತವೆ. ಆಮೇಲೆ ಹದಿನಾರು ಕಾಲು ಮಂಟಪದ ಕಂಬಗಳು ಮೊಣಕಾಲುದ್ದ, ಎದೆಯುದ್ದ ಮುಳುಗುತ್ತವೆ. ನದಿ ಇನ್ನೂ ಉಬ್ಬಿದರೆ ಮಂಟಪವಿದ್ದ ಗುರುತೇ ಸಿಕ್ಕುವುದು ಕಷ್ಟ. ಪರಶುರಾಮನ ಗುಡಿಯನ್ನು ನೀರು ಸುತ್ತುಗಟ್ಟುತ್ತದೆ. 2018ರ ಮಳೆಗಾಲದಲ್ಲಿ ಹೀಗಾಯಿತು. ಮರುವರ್ಷ, 2019ರ ಆಗಸ್ಟ್ ತಿಂಗಳಲ್ಲಿ, ಕಬಿನಿ ಜಲಾಶಯದಿಂದ ಸೆಕೆಂಡಿಗೆ ಒಂದು ಲಕ್ಷ ಘನ ಅಡಿಗೂ ಹೆಚ್ಚಾಗಿ ನೀರನ್ನು ಬಿಡಬೇಕಾಗಿ ಬಂದಿತು. ಮಲ್ಲನಮೂಲೆ ಮಠದ ಬಳಿ ಹೊಳೆ ಹೆದ್ದಾರಿಯ ಮೇಲೆಯೇ ಹರಿದು, ಮೈಸೂರಿನಿಂದ ಊಟಿಗೆ ಹೋಗುವ ದಾರಿ ಕಡಿದುಹೋಯಿತು. 2024ರಲ್ಲಿ ಮತ್ತೆ ಪ್ರವಾಹ ಬಂದಿತು. ಇವೆಲ್ಲಕ್ಕೂ ಹಿಂದೆ 1924ರ ಜುಲೈ ತಿಂಗಳ ಮಹಾಪ್ರವಾಹವೊಂದುಂಟು; ಕಾವೇರಿಯ ದಡದ ಊರುಗಳಲ್ಲಿ ಅದರ ಮಾತು ಅಜ್ಜಂದಿರಿಂದ ಮೊಮ್ಮಕ್ಕಳಿಗೆ ನಡೆದುಬಂದಿದೆ.

ನೀರು ಏರುವುದನ್ನು ನೋಡಲು ಸೇತುವೆಯ ಬಳಿ ಜನ ಸೇರುತ್ತಾರೆ. ಇಳಿಯುವುದನ್ನು ನೋಡಲು ಯಾರೂ ಬರುವುದಿಲ್ಲ. ಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರಗಳೂ ಏರುವ ನೀರಿನವೇ. ಹಳ್ಳದ ಕೇರಿ, ತೋಪಿನ ಬೀದಿ ಮೊದಲಾದ ತಗ್ಗಿನ ಕಡೆಯವರು ಗಂಜಿಕೇಂದ್ರದಿಂದ ಹಿಂದಿರುಗಿ ತಮ್ಮ ಮನೆಯ ಕದವನ್ನು ತಳ್ಳುವ ಗಳಿಗೆಗೆ ಪ್ರೇಕ್ಷಕರಿಲ್ಲ. ನೀರುಂಡು ಊದಿಕೊಂಡ ಬಾಗಿಲು ಒಂದೇ ಸಲಕ್ಕೆ ತೆರೆಯುವುದಿಲ್ಲ. ಒಳಗೆ ಅಂಗುಲಗಟ್ಟಲೆ ನುಣ್ಣನೆಯ ಕೆಸರು. ಚೀಲದಲ್ಲಿದ್ದ ರಾಗಿ ನೆನೆದು ಹುಳಿನಾತ ಹಿಡಿದಿರುತ್ತದೆ. ಮಗುವಿನ ಶಾಲೆಯ ಪುಸ್ತಕಗಳು ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಂತಾಗಿರುತ್ತವೆ. ನೀರು ಎಲ್ಲಿಯವರೆಗೆ ನಿಂತಿತ್ತೆಂಬುದಕ್ಕೆ ನಾಲ್ಕು ಗೋಡೆಗಳ ಮೇಲೂ ಒಂದೇ ಸಮನಾದ ಕಂದು ಗೆರೆ. ಮನೆಯಾಕೆ ಒಂದು ಗಳಿಗೆ ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಗೆ ಸಿಕ್ಕ ಹಲಗೆಯ ತುಂಡಿನಿಂದ ಕೆಸರನ್ನು ಬಾಗಿಲ ಕಡೆಗೆ ತಳ್ಳಲು ತೊಡಗುತ್ತಾಳೆ.

ಇಂಥ ಹೊತ್ತಿನಲ್ಲಿ ಒಣನೆಲದ ಮೇಲೆ ನಿಂತವರಿಂದ ಒಂದು ಮಾತು ಹೊರಡುವುದುಂಟು: ಲೋಕದಲ್ಲಿ ಪಾಪ ಹೆಚ್ಚಿತು, ಅದಕ್ಕೇ ಹೊಳೆ ಬಂತು. ಇದು ಯಾವುದೋ ಒಂದು ಮತದವರ ಮಾತಲ್ಲ. ಎಲ್ಲರೂ ಆಡುವ ಮಾತೇ. ಕ್ರೈಸ್ತರಲ್ಲಿ ಹೀಗೆ ಆಡುವವರು ನೋಹನ ಕಾಲದ ಜಲಪ್ರಳಯವನ್ನು ಸಾಕ್ಷಿಗೆ ಕರೆಯುತ್ತಾರೆ. ಮಾತು ಭಕ್ತಿಯದಾಗಿ ಕಾಣುವುದಾದರೂ ಅದರೊಳಗಿನ ಕಾಠಿನ್ಯ ಸಾಮಾನ್ಯವಾದುದಲ್ಲ. ಏಕೆಂದರೆ ಹೊಳೆ ಹುಡುಕುವುದು ಪಾಪಿಯನ್ನಲ್ಲ, ತಗ್ಗನ್ನು. ಮತ್ತು ತಗ್ಗಿನಲ್ಲಿ ಮನೆ ಕಟ್ಟಿಕೊಂಡಿರುವವರು ದಿಣ್ಣೆಯ ಮೇಲೆ ನಿವೇಶನ ಕೊಳ್ಳಲಾರದವರು. ಕೆಸರು ತಳ್ಳುತ್ತಿರುವ ಆ ಹೆಂಗಸಿನ ಕಿವಿಗೆ ಈ ಮಾತು ಬಿದ್ದರೆ, ಆಕೆಯ ಮನೆ ಎರಡನೆಯ ಸಲ ಮುಳುಗಿದಂತೆ. ಆದ್ದರಿಂದ, ಸಾಕ್ಷಿಗೆ ಕರೆದ ಕಥೆ ನಿಜವಾಗಿ ಯಾರ ಪರವಾಗಿ ನುಡಿಯುತ್ತದೆ ಎಂಬುದನ್ನು ವಿಚಾರಿಸುವುದು ವ್ಯರ್ಥವಾದ ಪಾಂಡಿತ್ಯವಲ್ಲ.

ಬೈಬಲ್ಲಿನ ಕಥೆ ಕನ್ನಡಕ್ಕೆ ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕುಳಿತು ಆ ಗ್ರಂಥವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈ ಹಾಕಿದರು. ಆಮೇಲೆ ತಿದ್ದಿದವರು ಅನೇಕರು. ಯೂದರ ನಾಡಿನ ಆಲಿವ್ ಮರಕ್ಕೆ ಕನ್ನಡದಲ್ಲಿ ಹೆಸರಿರಲಿಲ್ಲ. ಹಣ್ಣಿನಿಂದ ಎಣ್ಣೆ ಬರುವುದೆಂದು ಅದನ್ನು ‘ಎಣ್ಣೆಮರ’ ಎಂದರು. ಹೊಂಗೆ ಹಿಪ್ಪೆಗಳನ್ನು ಕಂಡ ಹಳ್ಳಿಯವನಿಗೆ ಎಣ್ಣೆಮರವೆಂದರೆ ಪರದೇಶದ ವಸ್ತುವಾಗಿ ತೋರದು. ಪಾರಿವಾಳವು ಎಣ್ಣೆಮರದ ಚಿಗುರನ್ನು ಕಚ್ಚಿಕೊಂಡು ಬಂತೆಂದು ಓದುವಾಗ, ಅದು ತನ್ನ ಊರಿನ ಹೊಂಗೆಯ ಎಲೆಯೇ ಎಂದು ಅವನು ಎಣಿಸಿಕೊಂಡರೆ ನಷ್ಟವೇನೂ ಇಲ್ಲ.

ಕಥೆಯ ಮೊದಲರ್ಧ ಎಲ್ಲರಿಗೂ ಗೊತ್ತು. ಮನುಷ್ಯರ ಕೆಟ್ಟತನವನ್ನು ಕಂಡು ದೇವರು ಅವರನ್ನು ಸೃಷ್ಟಿಸಿದುದಕ್ಕೆ ನೊಂದುಕೊಂಡನು. ನೋಹನೊಬ್ಬನಿಗೆ ಕೃಪೆ ದೊರಕಿತು. ಮುನ್ನೂರು ಮೊಳ ಉದ್ದ, ಐವತ್ತು ಮೊಳ ಅಗಲ, ಮೂವತ್ತು ಮೊಳ ಎತ್ತರದ ನಾವೆ ಸಿದ್ಧವಾಯಿತು. ನಾಲ್ವತ್ತು ಹಗಲು ನಾಲ್ವತ್ತು ರಾತ್ರಿ ಮಳೆ ಹೊಯ್ಯಿತು. ಮಕ್ಕಳ ಚಿತ್ರಪುಸ್ತಕಗಳೂ ಉಪದೇಶಿಗಳೂ ಇಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಮೂಲಗ್ರಂಥ ಹಾಗೆ ಮಾಡುವುದಿಲ್ಲ. ಅದು ತಡೆದು ತಡೆದು, ದಿನ ತಿಂಗಳುಗಳನ್ನು ಗುರುತಿಟ್ಟು ಹೇಳುವುದು ನೀರು ಇಳಿದ ಸಂಗತಿಯನ್ನು. ನೋಹನ ಆಯುಸ್ಸಿನ ಆರುನೂರನೆಯ ವರ್ಷದ ಎರಡನೆಯ ತಿಂಗಳ ಹದಿನೇಳನೆಯ ದಿನ ಮಳೆ ಹಿಡಿಯಿತು. ನೂರೈವತ್ತು ದಿನ ನೀರು ಪ್ರಬಲವಾಗಿಯೇ ಇತ್ತು. ಏಳನೆಯ ತಿಂಗಳಲ್ಲಿ ನಾವೆ ಅರಾರಾಟಿನ ಬೆಟ್ಟಗಳಲ್ಲಿ ತಂಗಿತು. ಹತ್ತನೆಯ ತಿಂಗಳ ಮೊದಲ ದಿನ ಬೆಟ್ಟದ ತುದಿಗಳು ಕಂಡವು. ಮತ್ತೆ ನಾಲ್ವತ್ತು ದಿನ ಕಳೆದ ಮೇಲೆ ನೋಹನು ಕಿಟಕಿ ತೆರೆದು ಕಾಗೆಯನ್ನು ಬಿಟ್ಟನು. ಅದು ಹೋಗುತ್ತ ಬರುತ್ತ ಇತ್ತು. ಪಾರಿವಾಳವನ್ನು ಬಿಟ್ಟನು, ಕಾಲಿಡಲು ಸ್ಥಳವಿಲ್ಲದೆ ಅದು ಹಿಂದಿರುಗಿತು, ಕೈ ಚಾಚಿ ಅದನ್ನು ಒಳಕ್ಕೆ ತೆಗೆದುಕೊಂಡನು. ಏಳು ದಿನದ ಮೇಲೆ ಮತ್ತೆ ಬಿಟ್ಟಾಗ, ಸಂಜೆಗೆ ಅದರ ಕೊಕ್ಕಿನಲ್ಲಿ ಒಂದು ಚಿಗುರು. ಇನ್ನೂ ಏಳು ದಿನದ ಮೇಲೆ ಹೋದದ್ದು ಮರಳಿ ಬರಲಿಲ್ಲ.

ಇಷ್ಟಾದ ಮೇಲೂ ಅವನು ಹೊರಗೆ ಕಾಲಿಡಲಿಲ್ಲ. ಹೊಸ ವರ್ಷದ ಮೊದಲ ದಿನ ನಾವೆಯ ಮುಚ್ಚಳ ತೆಗೆದು ನೋಡಿದನು. ನೆಲದ ಮೇಲ್ಮೈ ಆರಿತ್ತು. ಆದರೆ ಭೂಮಿ ಪೂರ್ತಿ ಒಣಗಿ, ಹೊರಗೆ ಬಾ ಎಂಬ ಅಪ್ಪಣೆಯಾದದ್ದು ಎರಡನೆಯ ತಿಂಗಳ ಇಪ್ಪತ್ತೇಳನೆಯ ದಿನ. ಮಳೆ ನಾಲ್ವತ್ತು ದಿನ. ನಾವೆಯೊಳಗಿನ ವಾಸ ಒಂದು ವರ್ಷ ಹತ್ತು ದಿನ. ಎಲೆ ಕಂಡ ಸಂಜೆಗೂ ಮಣ್ಣಿನ ಮೇಲೆ ಹೆಜ್ಜೆಯಿಟ್ಟ ದಿನಕ್ಕೂ ನಡುವೆ ವಾರಗಳು ಕಳೆದುವು. ನಂಜನಗೂಡಿನ ತಗ್ಗಿನ ಬೀದಿಯವರು ಈ ಲೆಕ್ಕವನ್ನು ಬೇಗನೆ ಒಪ್ಪಿಕೊಳ್ಳುವರು. ಪ್ರವಾಹ ಮೂರು ದಿನದ್ದು. ಗೋಡೆ ಆರುವುದಕ್ಕೆ ದಸರೆ ದಾಟುತ್ತದೆ. ಮುಳುಗಿದವರನ್ನು ಕುರಿತು ಸರ್ಕಾರದ ಕಡತಗಳೂ ದಾನಿಗಳ ಕನಿಕರವೂ ಮೂರು ದಿನದ ಲೆಕ್ಕವನ್ನೇ ಹಿಡಿಯುತ್ತವೆ. ವೇದಗ್ರಂಥವನ್ನು ಬರೆದವನು ಗೋಡೆಯ ಲೆಕ್ಕವನ್ನು ಹಿಡಿದಿದ್ದಾನೆ.

ಇನ್ನು ಕಥೆಯ ಮರ್ಮ. ಪ್ರಳಯಕ್ಕೆ ಮೊದಲು ದೇವರು ಕೊಟ್ಟ ಕಾರಣವೆಂದರೆ, ಮನುಷ್ಯನ ಹೃದಯದ ಯೋಚನೆಗಳು ಯಾವಾಗಲೂ ಬರೀ ಕೆಟ್ಟವು ಎಂಬುದು. ನೀರು ಇಳಿಯಿತು, ನೋಹನು ಯಜ್ಞವೇದಿ ಕಟ್ಟಿ ಹೋಮ ಮಾಡಿದನು, ಆಗ ದೇವರು ತನ್ನ ಮನಸ್ಸಿನಲ್ಲಿಯೇ ಆಡಿಕೊಂಡ ಮಾತಿನಲ್ಲಿ ಅದೇ ಕಾರಣ ಮತ್ತೆ ಬರುತ್ತದೆ. ಮನುಷ್ಯನ ಹೃದಯ ಚಿಕ್ಕಂದಿನಿಂದಲೂ ಕೆಟ್ಟದ್ದರ ಕಡೆಗೇ ಇದೆ. ಆದರೆ ಈ ಸಲ ಅದರಿಂದ ಹೊರಡುವ ತೀರ್ಪು ಬೇರೆ: ಇನ್ನು ಮೇಲೆ ಮನುಷ್ಯನ ನಿಮಿತ್ತ ಭೂಮಿಯನ್ನು ಶಪಿಸುವುದಿಲ್ಲ, ಜೀವಿಗಳನ್ನೆಲ್ಲ ಹೊಡೆಯುವುದಿಲ್ಲ. ಇಬ್ರಿಯ ಭಾಷೆಯ ಒಂದು ಚಿಕ್ಕ ಪದವನ್ನು ಇಲ್ಲಿ ‘ಏಕೆಂದರೆ’ ಎಂದು ಓದಬೇಕೆ, ‘ಆದರೂ’ ಎಂದು ಓದಬೇಕೆ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಯಾವ ರೀತಿ ಓದಿದರೂ ಸಂಗತಿ ಒಂದೇ. ಪ್ರಳಯದಿಂದ ಮನುಷ್ಯ ತೊಳೆದುಹೋಗಲಿಲ್ಲ. ಅಷ್ಟು ನೀರು ಬಂದು ಹೋದರೂ ಅವನ ಹೃದಯ ಇದ್ದಂತೆಯೇ ಇದೆ. ಬದಲಾದದ್ದು ದೇವರ ಸಂಕಲ್ಪ. ನಾಶದಿಂದ ಲೋಕ ಶುದ್ಧವಾಗುವುದೆಂಬ ಎಣಿಕೆಯನ್ನು ಕಥೆ ತನ್ನ ಕಡೆಯಲ್ಲಿ ತಾನೇ ಕೈಬಿಡುತ್ತದೆ. ಹೀಗಿರಲು, ಹೊಳೆ ಬಂದದ್ದು ಪಾಪಿಗಳನ್ನು ಗುಡಿಸುವುದಕ್ಕೆ ಎಂದು ನೋಹನ ಹೆಸರಿನಲ್ಲಿ ಹೇಳುವವರು ಮೊದಲ ಅಧ್ಯಾಯವನ್ನು ಓದಿ ಪುಸ್ತಕ ಮುಚ್ಚಿದವರು.

ಇತರ ಪ್ರಳಯಕಥೆಗಳ ಪಕ್ಕದಲ್ಲಿ ಇದನ್ನಿಟ್ಟರೆ ವಿಶೇಷ ಇನ್ನೂ ಸ್ಪಷ್ಟವಾಗುವುದು. ಶತಪಥ ಬ್ರಾಹ್ಮಣದ ಮನು ಕೈತೊಳೆಯುವ ನೀರಿನಲ್ಲಿ ಸಿಕ್ಕ ಪುಟ್ಟ ಮೀನನ್ನು ಸಾಕಿದನು. ಅದರ ಕೊಂಬಿಗೆ ಹಡಗನ್ನು ಕಟ್ಟಿ ಉತ್ತರದ ಗಿರಿಯನ್ನು ಸೇರಿದನು. ಅಲ್ಲಿ ಪ್ರಳಯಕ್ಕೆ ಕಾರಣವನ್ನೇ ಹೇಳಿಲ್ಲ. ನೀರು ಬರುವುದಿತ್ತು, ಬಂತು. ನೀರು ಇಳಿದ ಮೇಲೆ ಮನು ಮಾಡಿದ ಕೆಲಸ ಮಾತ್ರ ನೋಹನದೇ: ತುಪ್ಪ ಮೊಸರುಗಳಿಂದ ಆಹುತಿ. ಅದರಿಂದ ಇಡೆ ಹುಟ್ಟಿದಳು, ಆಕೆಯಿಂದ ಸಂತಾನ ಬೆಳೆಯಿತು. ಬಾಬಿಲೋನಿನ ಕಥೆ 1872ರಲ್ಲಿ ಜಾರ್ಜ್ ಸ್ಮಿತ್ ಎಂಬ ಪಂಡಿತನು ಲಂಡನ್ನಿನ ವಸ್ತುಸಂಗ್ರಹಾಲಯದ ಮಣ್ಣಿನ ಹಲಗೆಗಳಲ್ಲಿ ಓದಿ ಹೊರಗೆಡಹಿದ್ದು. ಅಲ್ಲಿಯೂ ನಾವೆ, ಬೆಟ್ಟ, ಹಾರಿಬಿಟ್ಟ ಹಕ್ಕಿಗಳು ಇವೆ. ಅದರ ಇನ್ನೊಂದು ಪಾಠದಲ್ಲಿ ಮನುಷ್ಯರ ಗದ್ದಲದಿಂದ ನಿದ್ದೆಗೆಟ್ಟು ದೇವತೆಗಳು ಪ್ರಳಯವನ್ನು ಕಳುಹಿಸುತ್ತಾರೆ. ಕಾರಣವಿಲ್ಲದ ಪ್ರಳಯ, ಸಿಡುಕಿನ ಪ್ರಳಯ, ನ್ಯಾಯದ ಪ್ರಳಯ. ಮೂರರಲ್ಲಿ ನ್ಯಾಯವೆಂದು ತೊಡಗಿದ ಕಥೆಯೊಂದೇ, ಆ ಬಗೆಯ ನ್ಯಾಯ ಇನ್ನು ಸಾಕು ಎಂದು ಮುಗಿಯುತ್ತದೆ.

ಇನ್ನೊಂದು ಸೂಕ್ಷ್ಮ. ನಾವೆಯನ್ನು ಕಟ್ಟುವಾಗಲಾಗಲಿ, ಮಳೆ ಸುರಿಯುವಾಗಲಾಗಲಿ, ನೆಲಕ್ಕಿಳಿದಾಗಲಾಗಲಿ ನೋಹನು ಒಂದು ಮಾತನ್ನೂ ಆಡಿದಂತೆ ಗ್ರಂಥದಲ್ಲಿಲ್ಲ. ಅವನ ಬಾಯಿಂದ ಬಂದ ಮೊದಲ ಮಾತು ಒಂದು ಶಾಪ. ಮಣ್ಣಿನ ಕೆಲಸದವನಾದ ಅವನು ದ್ರಾಕ್ಷಿಯ ತೋಟ ಹಾಕಿದನು. ದ್ರಾಕ್ಷಾರಸ ಕುಡಿದು ಮತ್ತನಾಗಿ ಗುಡಾರದಲ್ಲಿ ಬೆತ್ತಲೆ ಬಿದ್ದನು. ಎಚ್ಚರವಾದಾಗ ಮಗನ ನಡತೆಯನ್ನು ತಿಳಿದು ಮೊಮ್ಮಗ ಕಾನಾನನನ್ನು ಶಪಿಸಿದನು. ಲೋಕವೆಲ್ಲ ಮುಳುಗಿ ಉಳಿದ ಒಬ್ಬ ನೀತಿವಂತನ ಗತಿ ಇದು. ಈ ಭಾಗವನ್ನು ಉಪದೇಶಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ; ಬಿಡಬಾರದು. ಹೊಸ ಬಾಳು ಹೊಸ ಮನುಷ್ಯರಿಂದ ಮೊದಲಾಗಬೇಕಾಗಿದ್ದರೆ ಅದು ಮೊದಲಾಗುತ್ತಲೇ ಇರಲಿಲ್ಲ. ದೇವರು ಒಡಂಬಡಿಕೆ ಮಾಡಿಕೊಂಡದ್ದು ಈ ನೋಹನೊಡನೆಯೇ.

ಶಾಪವೆಂದ ಕೂಡಲೆ ಈ ಸೀಮೆಯವರಿಗೆ ಹೊಳೆಯುವುದು ತಲಕಾಡು. ಕಪಿಲೆ ನಂಜನಗೂಡನ್ನು ದಾಟಿ, ಸುತ್ತೂರಿನ ಮಗ್ಗುಲಲ್ಲಿ ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ; ಅಲ್ಲಿಂದ ಕೆಳಗೆ, ತಿ. ನರಸೀಪುರ ತಾಲ್ಲೂಕಿನಲ್ಲಿಯೇ, ಗಂಗರು ಆಳಿದ ಆ ಪಟ್ಟಣ ಮರಳಿನ ಅಡಿಯಲ್ಲಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡ ಮೇಲೆ, ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮನು ಒಡವೆಗಾಗಿ ಬೆನ್ನಟ್ಟಿದ ಭಟರ ಕೈಗೆ ಸಿಕ್ಕದೆ, ಊರಿಗೆ ಮರಳನ್ನೂ ಮಾಲಂಗಿಗೆ ಮಡುವನ್ನೂ ಅರಸನಿಗೆ ಸಂತಾನಹಾನಿಯನ್ನೂ ಶಪಿಸಿ ನದಿಗೆ ಹಾರಿದಳೆಂಬ ಐತಿಹ್ಯವನ್ನು ಕೇಳದವರಿಲ್ಲ. ಮೈಸೂರಿನ ಅರಮನೆಯವರು ಆಕೆಯ ಪ್ರತಿಮೆಯನ್ನಿಟ್ಟು ಪೂಜಿಸುತ್ತ ಬಂದಿದ್ದಾರೆ. ತಪ್ಪನ್ನು ಒಪ್ಪಿಕೊಳ್ಳುವ ರೀತಿಗಳಲ್ಲಿ ಅದೂ ಒಂದು. ವಿದ್ವಾಂಸರಲ್ಲಿ ಕೆಲವರು ಬೇರೆ ಕಾರಣವನ್ನು ಕಾಣುತ್ತಾರೆ: ಹದಿನಾಲ್ಕನೆಯ ಶತಮಾನದಲ್ಲಿ ಮೇಲುಗಡೆ ಮಾಧವಮಂತ್ರಿಯ ಅಣೆಕಟ್ಟು ಎದ್ದು ನದಿಯ ಹರವು ತಗ್ಗಿತು, ಬಯಲಾದ ಪಾತ್ರದ ಮರಳನ್ನು ಗಾಳಿ ಊರಿನ ಮೇಲೆ ತಂದು ಸುರಿಯಿತು. ಗದ್ದೆಗಳಿಗೆ ನೀರು ಕೊಟ್ಟ ಕಟ್ಟೆಯೇ ಪಟ್ಟಣವನ್ನು ಹೂಳಿತೆಂದರೆ, ಪಾಪಿಯನ್ನು ಹುಡುಕುವವನ ಕೈಗೆ ಯಾರು ಸಿಕ್ಕುವರು?

ಅಲಮೇಲಮ್ಮನ ಕಥೆಗೆ ಮುಗಿಲುಬಿಲ್ಲಿಲ್ಲ. ಯಾರೂ ಬಂದು, ಇನ್ನು ಮರಳು ಬೀಳುವುದಿಲ್ಲ ಎಂದು ಮಾತು ಕೊಡಲಿಲ್ಲ. ಆದರೂ ಜನ ಊರು ಬಿಟ್ಟು ಓಡಲಿಲ್ಲ. ನದಿಯಿಂದ ಸ್ವಲ್ಪ ಹಿಂದಕ್ಕೆ ಸರಿದು ಹೊಸ ತಲಕಾಡನ್ನು ಕಟ್ಟಿಕೊಂಡರು. ದಿಬ್ಬಗಳ ಮೇಲೆ ಮರಗಳನ್ನು ನೆಟ್ಟು ಮರಳನ್ನು ಹಿಡಿದು ನಿಲ್ಲಿಸಲಾಯಿತು. ಪಾತಾಳೇಶ್ವರ ಮರಳೇಶ್ವರರ ಗುಡಿಗಳನ್ನು ತೋಡಿ ತೆಗೆಯುವುದು, ಮರಳು ಮತ್ತೆ ಜಾರುವುದು, ಮತ್ತೆ ತೋಡುವುದು, ಹೀಗೆಯೇ ನಡೆದಿದೆ. ಕಾರ್ತಿಕದ ಸೋಮವಾರಗಳ ಯೋಗ ಕೂಡಿದ ವರ್ಷ ಪಂಚಲಿಂಗ ದರ್ಶನಕ್ಕೆ ಜನ ನೆರೆಯುತ್ತಾರೆ. 2009ರಲ್ಲಿ, 2013ರಲ್ಲಿ, 2020ರಲ್ಲಿ ನೆರೆದರು. ಶಾಪಗ್ರಸ್ತವೆಂದು ಹೆಸರಾದ ಮರಳಿನ ಮೇಲೆ ಬರಿಗಾಲಲ್ಲಿ ನಡೆದು ಹೋಗುವ ಆ ಸಾವಿರಾರು ಜನರಲ್ಲಿ ಶಾಪವನ್ನು ನಂಬದವರು ಕಡಮೆ. ನಂಬಿಯೂ ನಡೆಯುತ್ತಾರೆ.

ಮುಗಿಲುಬಿಲ್ಲು ಎಂಬುದು ಕನ್ನಡ ಬೈಬಲ್ಲಿನ ಶಬ್ದ. ಊರವರ ಮಾತಿನಲ್ಲಿ ಕಾಮನಬಿಲ್ಲು. ಇಬ್ರಿಯದಲ್ಲಿಯೂ ಅದು ಬಿಲ್ಲೇ, ಯುದ್ಧದಲ್ಲಿ ಹಿಡಿಯುವ ಬಿಲ್ಲಿಗೆ ಇರುವ ಪದವೇ. ಹೊಡೆಯಲು ಎತ್ತಿದ್ದ ಬಿಲ್ಲನ್ನು ದೇವರು ಮೋಡದಲ್ಲಿ ತೂಗುಹಾಕಿದನೆಂದು ಪ್ರಾಜ್ಞರು ಅರ್ಥ ಹೇಳುತ್ತಾರೆ. ಅದನ್ನು ನೋಡಿ ಜ್ಞಾಪಿಸಿಕೊಳ್ಳಬೇಕಾದವನು ಮನುಷ್ಯನಲ್ಲ. ತಾನೇ ಅದನ್ನು ನೋಡಿ ತನ್ನ ಮಾತನ್ನು ನೆನೆಯುವೆನೆಂದು ದೇವರು ಹೇಳುತ್ತಾನೆ. ಕೊಟ್ಟ ಮಾತನ್ನು ಮರೆಯದಂತೆ ಸೆರಗಿಗೆ ಗಂಟು ಹಾಕಿಕೊಳ್ಳುವ ಅಜ್ಜಿಯ ಹಾಗೆ!

ಆ ಮಾತಾದರೂ ಏನು? ಭೂಮಿ ಇರುವವರೆಗೆ ಬಿತ್ತನೆಯೂ ಕೊಯಿಲೂ, ಚಳಿಯೂ ಸೆಕೆಯೂ, ಬೇಸಗೆಯೂ ಮಾಗಿಯೂ, ಹಗಲೂ ಇರುಳೂ ನಿಲ್ಲವು ಎಂಬುದು. ಚಿನ್ನದ ಯುಗವೊಂದು ಬರುವುದೆಂದಿಲ್ಲ. ಹೊಳೆ ನಿನ್ನ ಬೀದಿಗೆ ಬಾರದೆಂದೂ ಇಲ್ಲ, ಇದನ್ನು ಮುಚ್ಚಿಡಬಾರದು. ಲೋಕವೆಲ್ಲ ಮುಳುಗದು ಎಂಬ ಅಭಯದಿಂದ ಹಳ್ಳದ ಕೇರಿಯ ಒಂದು ಗೋಡೆಯೂ ಒಣಗುವುದಿಲ್ಲ. 2018ರಲ್ಲಿ ಸುಣ್ಣ ಹೊಡೆದ ಮನೆಗಳೇ 2019ರಲ್ಲಿ ಮತ್ತೆ ಮುಳುಗಿದುವು. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದಾಗ, ಹೆಗ್ಗಡದೇವನಕೋಟೆಯ ಕಡೆ ಹಳ್ಳಿಗಳೇ ಜಲಾಶಯದ ತಳಕ್ಕೆ ಹೋದುವು. ಆ ಜನ ಕಾಣಿಸದ ಪ್ರಳಯವೊಂದನ್ನು ಹೊತ್ತುಕೊಂಡು ಬೇರೆಡೆ ಒಲೆ ಹೂಡಿದರು. ಅವರ ಊರಿದ್ದ ಕಡೆ ನಿಂತ ಹತ್ತೊಂಬತ್ತೂವರೆ ಟಿ.ಎಂ.ಸಿ. ನೀರಿನಿಂದಲೇ ಕೆಳಗಿನವರ ಗದ್ದೆ ಬೆಳೆಯುತ್ತದೆ, ಅದು ತುಂಬಿ ಚೆಲ್ಲಿದರೆ ಕೆಳಗಿನವರ ಬೀದಿ ಮುಳುಗುತ್ತದೆ. ದೇವರ ಮಾತು ಇದ್ದರೂ ನಾವೆಯನ್ನು ಕಟ್ಟಿದ್ದು ನೋಹನ ಕೈ. ಮೊಳದ ಅಳತೆಯನ್ನು ಗ್ರಂಥ ಸುಮ್ಮನೆ ಹೇಳಿಲ್ಲ. ನೀರು ಬಿಡುವ ಮುನ್ನ ಸರಿಯಾದ ಹೊತ್ತಿಗೆ ಮುನ್ಸೂಚನೆ ಕೊಡುವುದು, ತಗ್ಗಿನವರಿಗೆ ದಿಣ್ಣೆಯ ಮೇಲೆ ಜಾಗ ಒದಗಿಸುವುದು, ಇವೆಲ್ಲ ಮೊಳ ಹಿಡಿದು ಅಳೆಯತಕ್ಕ ಕೆಲಸಗಳು. ಬಿಲ್ಲನ್ನು ತೋರಿಸಿ ಮೊಳವನ್ನು ಮರೆಸುವವರ ಭಕ್ತಿಯನ್ನು ಸಂದೇಹಿಸಬೇಕು.

ಹಾಗಾದರೆ ಬಿತ್ತನೆ ನಿಲ್ಲದು ಎಂಬ ಮಾತಿನಿಂದ ಯಾರಿಗೇನು ದೊರಕಿತು? ನಂಜನಗೂಡಿನ ರಸಬಾಳೆಯನ್ನು ಕೇಳಬೇಕು. ದೇವರಸನಹಳ್ಳಿಯ ಸುತ್ತಿನ ಕಪ್ಪು ಮಣ್ಣಿನಲ್ಲಿ ಹುಟ್ಟಿ ಹೆಸರಾದ ಆ ಬಾಳೆಗೆ ಪನಾಮಾ ರೋಗ ತಗುಲಿತು. ಮಣ್ಣಿನಲ್ಲಿಯೇ ಅಡಗಿರುವ ಶಿಲೀಂಧ್ರ ಬೇರಿನಿಂದ ಏರಿ ಗಿಡವನ್ನು ಸೊರಗಿಸುತ್ತದೆ. ತೋಟದ ಮೇಲೆ ತೋಟ ಹೋಗಿ, ರಸಬಾಳೆಯೆಂಬುದು ಹೆಸರಿನಲ್ಲಿ ಮಾತ್ರ ಉಳಿಯುವ ಸ್ಥಿತಿ ಬಂತು. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಬೆಳೆಯುವವರು ಬೆರಳೆಣಿಕೆಯವರೆನ್ನುವ ಹಾಗಿದ್ದರು. ಆ ಕೆಲವರು ಕಂದು ನೆಡುವುದನ್ನು ಬಿಡಲಿಲ್ಲ. ರೋಗ ಮಣ್ಣಿನಲ್ಲಿದೆಯೆಂದು ತಿಳಿದೂ ಅದೇ ಮಣ್ಣಿನಲ್ಲಿ ನೆಟ್ಟರು. ನೆಲಕ್ಕಿಳಿದ ನೋಹನು ಮೊದಲು ನೆಟ್ಟದ್ದು, ಫಲಕ್ಕೆ ವರ್ಷಗಟ್ಟಲೆ ಕಾಯಬೇಕಾದ ದ್ರಾಕ್ಷಿಯನ್ನು. ನಾಳೆ ಇದೆಯೆಂದು ಬಾಯಲ್ಲಿ ಹೇಳಲು ಯಾರಿಗೂ ಕಷ್ಟವಿಲ್ಲ. ಗಿಡ ನೆಡುವವನು ಅದಕ್ಕೆ ತನ್ನ ಬೆನ್ನನ್ನು ಅಡವಿಡುತ್ತಾನೆ.

ತಿರುಮಕೂಡಲಿನಲ್ಲಿ ಗುಂಜಾ ನರಸಿಂಹಸ್ವಾಮಿಯ ದೇವಾಲಯವಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಸ್ಥಳದವರ ನಂಬಿಕೆ. ಒಂದು ಬೀಜದಷ್ಟು ಹೆಚ್ಚಾದರೆ ಸಾಕು, ತಕ್ಕಡಿ ವಾಲುತ್ತದೆ. ಪ್ರವಾಹ ಬಂದ ವರ್ಷ ನದಿ ಅಲ್ಲಿಯ ಮೆಟ್ಟಿಲುಗಳನ್ನು ಏರುತ್ತದೆ, ಕೆಲವು ದಿನ ಎರಡು ನದಿಗಳ ಗಡಿಯೇ ಅಳಿಸಿ ಒಂದು ಕೆಂಪು ಸಮುದ್ರ ಕಾಣುತ್ತದೆ. ಆಮೇಲೆ ಇಳಿಯುತ್ತದೆ. ಒಡ್ಡು ಕೊಚ್ಚಿಹೋದ ಗದ್ದೆಗಳ ಅಂಚಿಗೆ ರೈತರು ಬಂದು, ಯಾರ ಮಡಿಯ ಪೈರು ಕೊಳೆಯಿತು, ಯಾರದು ಉಳಿಯಿತು ಎಂದು ಸುತ್ತಾಡಿ ನೋಡುತ್ತಾರೆ. ಉಳಿದವರ ಒಟ್ಟಲಿನಿಂದ ಕೊಳೆತವರು ಪೈರಿನ ಕಟ್ಟುಗಳನ್ನು ಕೇಳಿ ತರುತ್ತಾರೆ. ಹೆಂಗಸರು ಸಾಲಾಗಿ ಬಗ್ಗಿ ನಿಂತು, ಹೊಳೆ ಬಿಟ್ಟುಹೋದ ಮೆಕ್ಕಲಿನಲ್ಲಿ ನಾಟಿ ಮಾಡುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಮೋಡ ಇನ್ನೂ ವಯನಾಡಿನ ಕಡೆಗೇ ಇರುತ್ತದೆ.